ಬಿಡಬೇಕೆ, ಹಿಡಿಯಬೇಕೆ?

ಹತ್ತನೆಯ ತರಗತಿ ಮುಗಿಸಿ ವಿಜ್ಞಾನ ವಿಭಾಗವನ್ನು ಸೇರಬಯಸುವ ಹುಬ್ಬಳ್ಳಿ-ಧಾರವಾಡದ ಅನೇಕ ವಿದ್ಯಾರ್ಥಿಗಳಿಗೆ ಗಣಿತವೇ ದೊಡ್ಡ ಸಮಸ್ಯೆ. ಕಠಿಣವೆಂದು ಅದನ್ನು ಕೈಬಿಟ್ಟರೆ ವೈದ್ಯಕೀಯ ಶಿಕ್ಷಣಕ್ಕೆ ಅಡ್ಡಿಯಿಲ್ಲ. ಆದರೆ ಇಂಜಿನಿಯರಿಂಗಿನ ಬಾಗಿಲು ಬಹುಮಟ್ಟಿಗೆ ಮುಚ್ಚಿಹೋಗುತ್ತದೆ. ಹದಿನಾರರ ವಯಸ್ಸಿನಲ್ಲಿ ಇದನ್ನು ನಿರ್ಧರಿಸುವುದು ಸುಲಭವಲ್ಲ.

1950ರ ದಶಕದಲ್ಲಿ, ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಗಿರೀಶ ಕಾರ್ನಾಡರೂ ಗಣಿತವನ್ನು ಕುರಿತು ಹೀಗೆಯೇ ಯೋಚಿಸಬೇಕಾಯಿತು. ಶಿರಸಿಯಲ್ಲಿ ಯಕ್ಷಗಾನ, ನಾಟಕಗಳನ್ನು ನೋಡುತ್ತ ಬೆಳೆದ ಅವರ ಒಲವೆಲ್ಲ ಸಾಹಿತ್ಯದ ಕಡೆಗೆ. ಕವಿಯಾಗಬೇಕು, ವಿದೇಶಕ್ಕೆ ಹೋಗಬೇಕು ಎಂಬುದು ಅವರ ಹಂಬಲ. ಅದಕ್ಕೆ ವಿದ್ಯಾರ್ಥಿವೇತನ ಬೇಕು. ವಿದ್ಯಾರ್ಥಿವೇತನಕ್ಕೆ ಹೆಚ್ಚಿನ ಅಂಕಗಳು ಬೇಕು. ಸಾಹಿತ್ಯದ ಉತ್ತರವು ಎಷ್ಟು ಚೆನ್ನಾಗಿದ್ದರೂ ಅಂಕ ಕೊಡುವಾಗ ಪರೀಕ್ಷಕರ ಕೈ ಬಿಗಿಯಾಗುವುದುಂಟು. ಗಣಿತದಲ್ಲಿ ಸರಿಯಾದ ಉತ್ತರಕ್ಕೆ ಪೂರ್ಣ ಅಂಕ. ಆದುದರಿಂದ ಅವರು ಪ್ರೀತಿಯ ವಿಷಯವನ್ನು ಬದಿಗಿರಿಸಿ ಗಣಿತವನ್ನೂ ಸಂಖ್ಯಾಶಾಸ್ತ್ರವನ್ನೂ ಆರಿಸಿಕೊಂಡರು. ಇದು ಲೆಕ್ಕಾಚಾರದ ಆಯ್ಕೆಯೇ ಸರಿ. ಅದರಲ್ಲಿ ನಾಚಿಕೆಪಡುವಂಥದೇನೂ ಇಲ್ಲ.

1958ರಲ್ಲಿ ಪದವಿ ದೊರೆಯಿತು. ಮುಂದೆ ರೋಡ್ಸ್ ವಿದ್ಯಾರ್ಥಿವೇತನವೂ ಲಭಿಸಿ 1960ರಲ್ಲಿ ಆಕ್ಸ್‌ಫರ್ಡಿಗೆ ತೆರಳಿದರು. ಹೊರಡುವ ಮುನ್ನಿನ ದಿನಗಳಲ್ಲಿ ಅವರು ಬರೆದದ್ದು ಕವಿತೆಯಲ್ಲ, ‘ಯಯಾತಿ’ ಎಂಬ ಕನ್ನಡ ನಾಟಕ. ಅದನ್ನು 1961ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆಯು ಪ್ರಕಟಿಸಿತು. ಆಕ್ಸ್‌ಫರ್ಡಿನಲ್ಲಿ ಅವರು ಓದಿದ್ದು ತತ್ತ್ವಶಾಸ್ತ್ರ, ರಾಜ್ಯಶಾಸ್ತ್ರ ಮತ್ತು ಅರ್ಥಶಾಸ್ತ್ರ. ಗಣಿತವನ್ನು ಅವರು ಬಿಟ್ಟದ್ದು ಅಲ್ಲಿ, ಅದರಿಂದ ಆಗಬೇಕಾದ ಕೆಲಸ ಮುಗಿದ ಮೇಲೆ.