ಪುಟ್ಟ ರಾಜ್ಯ ರೋಡ್ ಐಲೆಂಡ್



ಕೆಂಪು ಕೋಳಿ ನೋಡಿದ್ದೀರಲ್ಲ? ಮೈಯೆಲ್ಲ ಕಂದುಗೆಂಪು ಬಣ್ಣ. ಕಂದು ಮೊಟ್ಟೆ ಇಡುತ್ತದೆ. ಇಂಥ ಕೋಳಿಯ ಒಂದು ತಳಿಗೆ ರೋಡ್ ಐಲೆಂಡ್ ರೆಡ್ ಎಂದು ಹೆಸರು. ಈ ತಳಿ ನಮ್ಮ ದೇಶಕ್ಕೂ ಬಂದಿದೆ. ಆದರೆ ಅದು ಹುಟ್ಟಿದ್ದು ಸಮುದ್ರದ ಆಚೆ, ಅಮೆರಿಕದ ರೋಡ್ ಐಲೆಂಡ್ ರಾಜ್ಯದಲ್ಲಿ. ನಮ್ಮ ಕರ್ನಾಟಕಕ್ಕೆ ನೀಲಕಂಠ ರಾಜ್ಯಪಕ್ಷಿ. ಆ ರಾಜ್ಯಕ್ಕೆ 1954ರಿಂದ ಈ ಕೆಂಪು ಕೋಳಿಯೇ ರಾಜ್ಯಪಕ್ಷಿ!

"ಅಷ್ಟು ದೂರದ ಊರಿನ ಸುದ್ದಿ ನಮಗ್ಯಾಕೆ ಟೀಚರಮ್ಮ?" ಎಂದು ನೀವು ಕೇಳಬಹುದು. ಕೇಳಬೇಕು. ಪಾಠ ಓದಿ ಮುಗಿಸೋಣ. ಆಮೇಲೆ ನೀವೇ ಉತ್ತರ ಹೇಳಿ.

ಎಷ್ಟು ದೊಡ್ಡದು?

ಅಮೆರಿಕದಲ್ಲಿ 50 ರಾಜ್ಯಗಳಿವೆ. ಅವುಗಳಲ್ಲಿ ಎಲ್ಲಕ್ಕಿಂತ ಚಿಕ್ಕದು ರೋಡ್ ಐಲೆಂಡ್. ಇದರ ವಿಸ್ತೀರ್ಣ ಸುಮಾರು 4,000 ಚದರ ಕಿಲೋಮೀಟರ್. ಅಂದರೆ ಹೆಚ್ಚುಕಡಿಮೆ ನಮ್ಮ ಕೊಡಗು ಜಿಲ್ಲೆಯಷ್ಟು. ಅದರಲ್ಲೂ ಸುಮಾರು ಮೂರರಲ್ಲಿ ಒಂದು ಪಾಲು ಬರೀ ನೀರು!

ಐಲೆಂಡ್ ಎಂದರೆ ದ್ವೀಪ. ಆದರೆ ಇಡೀ ರಾಜ್ಯ ದ್ವೀಪವಲ್ಲ. ರಾಜ್ಯದ ದಕ್ಷಿಣಕ್ಕೆ ಅಟ್ಲಾಂಟಿಕ್ ಸಾಗರ ಇದೆ. ಉತ್ತರಕ್ಕೂ ಪೂರ್ವಕ್ಕೂ ಮ್ಯಾಸಚೂಸೆಟ್ಸ್ ರಾಜ್ಯ, ಪಶ್ಚಿಮಕ್ಕೆ ಕನೆಕ್ಟಿಕಟ್ ರಾಜ್ಯ. ಸಮುದ್ರ ಭೂಮಿಯ ಒಳಗೆ ಚಾಚಿಕೊಂಡಿದೆ. ಅದಕ್ಕೆ ನ್ಯಾರಗ್ಯಾನ್ಸೆಟ್ ಕೊಲ್ಲಿ ಎಂದು ಹೆಸರು. ಕೊಲ್ಲಿಯಲ್ಲಿ ಹಲವು ದ್ವೀಪಗಳಿವೆ. ಎತ್ತರದ ಬೆಟ್ಟಗಳಿಲ್ಲ. ಅತಿ ಎತ್ತರದ ಜಾಗ ಕೇವಲ 247 ಮೀಟರ್. ಚಳಿಗಾಲದಲ್ಲಿ ಹಿಮ ಬೀಳುತ್ತದೆ.

ರಾಜಧಾನಿಯ ಹೆಸರು ಪ್ರಾವಿಡೆನ್ಸ್. 2020ರ ಜನಗಣತಿಯಂತೆ ರಾಜ್ಯದ ಜನಸಂಖ್ಯೆ ಸುಮಾರು 11 ಲಕ್ಷ.

ಓಡಿಸಿದವರಿಗೆ ನೆಲೆ

ಈ ನೆಲದಲ್ಲಿ ಮೊದಲು ಇದ್ದವರು ನ್ಯಾರಗ್ಯಾನ್ಸೆಟ್ ಮುಂತಾದ ಮೂಲನಿವಾಸಿಗಳು. ಮೆಕ್ಕೆಜೋಳ ಬೆಳೆಯುತ್ತಿದ್ದರು. ಮೀನು ಹಿಡಿಯುತ್ತಿದ್ದರು. ಆಮೇಲೆ ಇಂಗ್ಲೆಂಡಿನಿಂದ ಬಿಳಿಯರು ಬಂದು ಪಕ್ಕದ ಮ್ಯಾಸಚೂಸೆಟ್ಸ್‌ನಲ್ಲಿ ನೆಲೆಸಿದರು. ಅಲ್ಲಿ ಎಲ್ಲರೂ ಒಂದೇ ರೀತಿ ದೇವರನ್ನು ಪೂಜಿಸಬೇಕಿತ್ತು. ಬೇರೆ ಮಾತಾಡಿದರೆ ಗಡೀಪಾರು.

ರೋಜರ್ ವಿಲಿಯಮ್ಸ್ ಎಂಬ ಪಾದ್ರಿ ಬೇರೆ ಮಾತಾಡಿದರು. "ದೇವರ ವಿಷಯದಲ್ಲಿ ಸರ್ಕಾರ ಯಾರನ್ನೂ ಬಲವಂತ ಮಾಡಬಾರದು" ಎಂಬುದು ಅವರ ವಾದ. ಅವರನ್ನು ಓಡಿಸಿದರು. ನ್ಯಾರಗ್ಯಾನ್ಸೆಟ್ ಮುಖಂಡರು ಅವರಿಗೆ ಜಾಗ ಕೊಟ್ಟರು. 1636ರಲ್ಲಿ ಪ್ರಾವಿಡೆನ್ಸ್ ಊರು ಹುಟ್ಟಿತು.

ಇನ್ನೊಬ್ಬರು ಆನ್ ಹಚಿನ್ಸನ್. ಇವರು ಸೂಲಗಿತ್ತಿ. 15 ಮಕ್ಕಳನ್ನು ಹೆತ್ತ ತಾಯಿ. ಮನೆಯಲ್ಲಿ ಹೆಂಗಸರನ್ನು ಸೇರಿಸಿ ಧರ್ಮದ ವಿಷಯ ಚರ್ಚೆ ಮಾಡುತ್ತಿದ್ದರು. ಕೇಳಲು ಗಂಡಸರೂ ಬರತೊಡಗಿದರು. ಹೆಂಗಸು ಹೀಗೆ ಬೋಧಿಸಬಹುದೇ ಎಂದು ದೊಡ್ಡವರು ಸಿಟ್ಟಾದರು. 1637ರಲ್ಲಿ ವಿಚಾರಣೆ ಮಾಡಿ ಗಡೀಪಾರು ಶಿಕ್ಷೆ ಹಾಕಿದರು. 1638ರಲ್ಲಿ ಅವರು, ಅವರ ಮನೆಯವರು, ಜೊತೆಗಾರರು ಇಲ್ಲಿನ ಒಂದು ದ್ವೀಪಕ್ಕೆ ಬಂದು ಊರು ಕಟ್ಟಿದರು.

ಆದರೆ ಕತೆಗೆ ಇನ್ನೊಂದು ಮುಖವೂ ಇದೆ. ಅದನ್ನೂ ಹೇಳಬೇಕು. ಜಾಗ ಕೊಟ್ಟ ನ್ಯಾರಗ್ಯಾನ್ಸೆಟ್ ಜನರ ಮೇಲೆಯೇ 1675ರಲ್ಲಿ ಬಿಳಿಯರ ಸೈನ್ಯ ದಾಳಿ ಮಾಡಿತು. ಹೆಂಗಸರು, ಮಕ್ಕಳೂ ಸತ್ತರು. ಮುಂದೆ ಇಲ್ಲಿನ ವ್ಯಾಪಾರಿಗಳು ಹಡಗಿನಲ್ಲಿ ಸಾರಾಯಿ ತುಂಬಿಕೊಂಡು ಆಫ್ರಿಕಾಕ್ಕೆ ಹೋದರು. ಅದನ್ನು ಕೊಟ್ಟು ಮನುಷ್ಯರನ್ನು ಕೊಂಡರು. ಅವರನ್ನು ಕಬ್ಬಿನ ತೋಟಗಳಿಗೆ ಗುಲಾಮರಾಗಿ ಮಾರಿದರು. ಅಲ್ಲಿಂದ ಕಾಕಂಬಿ ತಂದು ಮತ್ತೆ ಸಾರಾಯಿ ಮಾಡಿದರು. ತಮಗೆ ಸ್ವಾತಂತ್ರ್ಯ ಬೇಕು ಎಂದವರ ಊರಿನಲ್ಲೇ ಮನುಷ್ಯರ ವ್ಯಾಪಾರ!

ಗಿರಣಿಯ ಹೆಣ್ಣುಮಕ್ಕಳು

ರೋಡ್ ಐಲೆಂಡಿನಲ್ಲಿ ಪಾಟಕೆಟ್ ಎಂಬ ಊರಿದೆ. ಊರಿನ ನಡುವೆ ಬ್ಲ್ಯಾಕ್‌ಸ್ಟೋನ್ ನದಿ ಹರಿಯುತ್ತದೆ. ಇಂಗ್ಲೆಂಡಿನಿಂದ ಬಂದ ಸ್ಯಾಮ್ಯುಯೆಲ್ ಸ್ಲೇಟರ್ 1790ರಲ್ಲಿ ಇಲ್ಲಿ ಹತ್ತಿ ನೂಲುವ ಯಂತ್ರ ಓಡಿಸಿದ. ನೀರಿನ ಬಲದಿಂದ ಯಂತ್ರ ತಿರುಗುತ್ತಿತ್ತು. ಅವನ ಮೊದಲ ಕೆಲಸಗಾರರು ಯಾರು ಗೊತ್ತಾ? 7ರಿಂದ 12 ವರ್ಷದ ಮಕ್ಕಳು! ಆಡುವ, ಓದುವ ವಯಸ್ಸಿನವರು.

ಆಮೇಲೆ ಊರಿನಲ್ಲಿ ಗಿರಣಿಗಳು ಹೆಚ್ಚಾದವು. ನೀರಿನ ಬಲದಿಂದ ನಡೆಯುವ ಮಗ್ಗಗಳು ಬಂದವು. ಈ ಮಗ್ಗಗಳಲ್ಲಿ ನೇಯುತ್ತಿದ್ದವರು ಹರೆಯದ ಹೆಣ್ಣುಮಕ್ಕಳು.

1824ರ ಮೇ ತಿಂಗಳು. ಮಾಲೀಕರೆಲ್ಲ ಸೇರಿ ಒಂದು ತೀರ್ಮಾನ ಮಾಡಿದರು. ದಿನಕ್ಕೆ ಒಂದು ಗಂಟೆ ಹೆಚ್ಚು ಕೆಲಸ. ನೇಯುವವರ ಕೂಲಿಯಲ್ಲಿ ನೂರಕ್ಕೆ 25 ಪಾಲು ಕಡಿತ. ಕೆಲಸ ಜಾಸ್ತಿ, ಕೂಲಿ ಕಮ್ಮಿ. ಇದು ಯಾವ ನ್ಯಾಯ?

ಹೆಣ್ಣುಮಕ್ಕಳು ಸುಮ್ಮನಿರಲಿಲ್ಲ. ನೂರಕ್ಕೂ ಹೆಚ್ಚು ಜನ ಮಗ್ಗ ಬಿಟ್ಟು ಹೊರಗೆ ಬಂದರು. ತಾವೇ ಸಭೆ ಸೇರಿದರು. ಹಳೆಯ ಕೂಲಿ ಕೊಡುವ ತನಕ ಕೆಲಸಕ್ಕೆ ಹೋಗುವುದಿಲ್ಲ ಎಂದು ನಿರ್ಧಾರ ಮಾಡಿದರು. ಊರಿನವರೂ ಜೊತೆಗೆ ನಿಂತರು. ಗಿರಣಿಗಳ ಬಾಗಿಲಿಗೆ ಅಡ್ಡ ನಿಂತರು. ಸುಮಾರು ಒಂದು ವಾರ ಗಿರಣಿಗಳು ನಿಂತುಹೋದವು. ಕೊನೆಗೆ ಮಾಲೀಕರು ರಾಜಿಗೆ ಬಂದರು.

ಅಮೆರಿಕದ ಕಾರ್ಖಾನೆಗಳಲ್ಲಿ ನಡೆದ ಮೊದಲ ಮುಷ್ಕರ ಇದೇ ಎನ್ನುತ್ತಾರೆ. ಅದನ್ನು ನಡೆಸಿದವರು ಹೆಣ್ಣುಮಕ್ಕಳು. ಒಬ್ಬಳೇ ಕೇಳಿದ್ದರೆ ಕೆಲಸದಿಂದ ತೆಗೆಯುತ್ತಿದ್ದರೋ ಏನೋ. ನೂರು ಜನ ಕೇಳಿದರು. ಹನಿ ಹನಿ ಕೂಡಿದರೆ ಹಳ್ಳ, ಅಲ್ಲವೇ?

ಈಗಿನ ಬದುಕು

ಗಿರಣಿ ಕೆಲಸ ಹುಡುಕಿಕೊಂಡು ಐರ್ಲೆಂಡ್, ಇಟಲಿ, ಪೋರ್ಚುಗಲ್, ಕೆನಡಾ ಮುಂತಾದ ಕಡೆಯಿಂದ ಜನ ಬಂದರು. ಅವರ ಮಕ್ಕಳು, ಮೊಮ್ಮಕ್ಕಳು ಇಲ್ಲೇ ನೆಲೆಸಿದ್ದಾರೆ. ಆದರೆ ಬಟ್ಟೆ ಗಿರಣಿಗಳು ಉಳಿಯಲಿಲ್ಲ. 20ನೇ ಶತಮಾನದಲ್ಲಿ ಒಂದೊಂದಾಗಿ ಮುಚ್ಚಿದವು. ಹಲವು ಗಿರಣಿಗಳು ಕೂಲಿ ಕಡಿಮೆ ಇರುವ ದಕ್ಷಿಣದ ರಾಜ್ಯಗಳಿಗೆ ಹೋದವು. ಪ್ರಾವಿಡೆನ್ಸ್ ಒಡವೆ ಕೆಲಸಕ್ಕೂ ಹೆಸರಾಗಿತ್ತು. ನಾವು ರೋಲ್ಡ್ ಗೋಲ್ಡ್ ಅನ್ನುತ್ತೇವಲ್ಲ, ಅಂಥ ಒಡವೆ. ಆ ಕೆಲಸವೂ ಬಹಳ ಕಡಿಮೆಯಾಯಿತು.

ಈಗ ಹೆಚ್ಚು ಜನರಿಗೆ ಕೆಲಸ ಸಿಗುವುದು ಆಸ್ಪತ್ರೆ, ಕಾಲೇಜು, ಅಂಗಡಿ, ಹೋಟೆಲು, ಸರ್ಕಾರಿ ಕಚೇರಿಗಳಲ್ಲಿ. ಬೇಸಿಗೆಯಲ್ಲಿ ಸಮುದ್ರ ನೋಡಲು ಪ್ರವಾಸಿಗರು ಬರುತ್ತಾರೆ. ಮೀನುಗಾರರು ಮೀನು, ಚಿಪ್ಪು, ಬೊಂಡಾಸ ಹಿಡಿಯುತ್ತಾರೆ. 2016ರಲ್ಲಿ ಬ್ಲಾಕ್ ಐಲೆಂಡ್ ಎಂಬ ದ್ವೀಪದ ಹತ್ತಿರ ಸಮುದ್ರದಲ್ಲೇ 5 ಗಾಳಿಯಂತ್ರಗಳು ತಿರುಗಿದವು. ಸಮುದ್ರದ ಗಾಳಿಯಿಂದ ಕರೆಂಟು ತೆಗೆಯುವ ಕೆಲಸ ಅಮೆರಿಕದಲ್ಲಿ ಶುರುವಾದದ್ದು ಇಲ್ಲೇ.

2015ರಲ್ಲಿ ಜೀನಾ ರೈಮಾಂಡೋ ಈ ರಾಜ್ಯದ ಗವರ್ನರ್ ಆದರು. ಅಲ್ಲಿ ಗವರ್ನರ್ ಎಂದರೆ ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ. ಜನರೇ ಓಟು ಹಾಕಿ ಆರಿಸುತ್ತಾರೆ. ಆ ರಾಜ್ಯದಲ್ಲಿ ಈ ಹುದ್ದೆಗೆ ಬಂದ ಮೊದಲ ಮಹಿಳೆ ಇವರು. ಇವರ ತಂದೆ ಗಡಿಯಾರದ ಕಾರ್ಖಾನೆಯಲ್ಲಿ ದುಡಿಯುತ್ತಿದ್ದರು. ಆ ಕೆಲಸ ಬೇರೆ ದೇಶಕ್ಕೆ ಹೋಯಿತು. ಇವರ ತಂದೆಯೂ ಕೆಲಸ ಕಳೆದುಕೊಂಡರು.

ಹೆಸರು ಬದಲಾಯಿತು

ಈ ಪುಟ್ಟ ರಾಜ್ಯಕ್ಕೆ ಮೊದಲು ಬಹಳ ಉದ್ದದ ಹೆಸರಿತ್ತು. 'ರೋಡ್ ಐಲೆಂಡ್ ಮತ್ತು ಪ್ರಾವಿಡೆನ್ಸ್ ಪ್ಲಾಂಟೇಶನ್ಸ್' ಎಂದು. ಹಳೆಯ ಕಾಲದಲ್ಲಿ ಪ್ಲಾಂಟೇಶನ್ ಎಂದರೆ ಜನ ಹೊಸದಾಗಿ ನೆಲೆ ಊರಿದ ಜಾಗ. ಆದರೆ ಗುಲಾಮರನ್ನು ದುಡಿಸಿದ ತೋಟಗಳಿಗೂ ಅದೇ ಹೆಸರು. ಆ ಮಾತು ಕಪ್ಪು ಜನರ ಮನಸ್ಸಿಗೆ ನೋವು ತರುತ್ತಿತ್ತು. ತೆಗೆಯಬೇಕೇ ಎಂದು 2010ರಲ್ಲಿ ಓಟು ನಡೆಯಿತು. ಹೆಚ್ಚು ಜನ ಬೇಡ ಎಂದರು. 2020ರಲ್ಲಿ ಮತ್ತೆ ಕೇಳಿದರು. ಈ ಸಲ ಹೆಚ್ಚು ಜನ ತೆಗೆಯಿರಿ ಎಂದರು. ಈಗ ಹೆಸರು ರೋಡ್ ಐಲೆಂಡ್, ಅಷ್ಟೆ.

ಒಂದು ಸಲ ಸೋತರೆ ಕೆಲಸ ಮುಗಿಯಲಿಲ್ಲ. ಮತ್ತೆ ಕೇಳಬೇಕು. ಆನ್ ಹಚಿನ್ಸನ್ ಮಾತಾಡಿದರು. ಗಿರಣಿಯ ಹೆಣ್ಣುಮಕ್ಕಳು ಕೂಲಿ ಕೇಳಿದರು. ಅವರ ಊರು ದೂರ. ಆದರೆ ಕೂಲಿಯ ಲೆಕ್ಕ ನಮಗೂ ಬೇಕಲ್ಲವೇ? ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು!

ಹೊಸ ಪದಗಳು
ಕೊಲ್ಲಿ – ಭೂಮಿಯ ಒಳಗೆ ಚಾಚಿದ ಸಮುದ್ರ
ಗಡೀಪಾರು – ಊರು ಬಿಟ್ಟು ಓಡಿಸುವ ಶಿಕ್ಷೆ
ಮುಷ್ಕರ – ಎಲ್ಲರೂ ಸೇರಿ ಕೆಲಸ ನಿಲ್ಲಿಸುವುದು
ರಾಜಿ – ಎರಡೂ ಕಡೆಯವರು ಒಪ್ಪುವ ತೀರ್ಮಾನ

ಲೆಕ್ಕ ಮಾಡಿ
ಒಬ್ಬಾಕೆಯ ಕೂಲಿ 400 ರೂಪಾಯಿ. ನೂರಕ್ಕೆ 25ರಂತೆ ಕಡಿತ ಮಾಡಿದರೆ ಕೈಗೆ ಎಷ್ಟು ಬರುತ್ತದೆ?

ಮಾತಾಡೋಣ
1. ಗಿರಣಿಯ ಹೆಣ್ಣುಮಕ್ಕಳು ಕೆಲಸ ಯಾಕೆ ಬಿಟ್ಟರು?
2. ನಿಮ್ಮ ಊರಿನಲ್ಲಿ ಗಂಡಸಿಗೆ ಕೂಲಿ ಎಷ್ಟು? ಹೆಂಗಸಿಗೆ ಎಷ್ಟು? ಕೇಳಿ ತಿಳಿದು ಬರೆಯಿರಿ.
3. ದೂರದ ಊರಿನ ಈ ಸುದ್ದಿ ನಮಗ್ಯಾಕೆ ಬೇಕು? ಈಗ ನೀವೇ ಹೇಳಿ.