ಕೈಗಾರಿಕಾ ಪ್ರದೇಶದ ಕೊಳಚೆ ನೀರು ಮತ್ತು ಮರುಬಳಕೆ: ಪೀಣ್ಯದ ಸಣ್ಣ ಘಟಕಗಳಿಗೊಂದು ಲೆಕ್ಕಾಚಾರ

ಸಣ್ಣ ಕೈಗಾರಿಕಾ ಘಟಕವೊಂದರ ಲೆಕ್ಕಪುಸ್ತಕದಲ್ಲಿ ಕಚ್ಚಾ ವಸ್ತು, ವಿದ್ಯುತ್, ಸಂಬಳ ಹಾಗೂ ಬಡ್ಡಿಗೆ ಪ್ರತ್ಯೇಕ ಖಾತೆಗಳಿರುತ್ತವೆ. ಟ್ಯಾಂಕರ್ ನೀರಿನ ವೆಚ್ಚವು ಸಾಮಾನ್ಯವಾಗಿ 'ಇತರೆ ಖರ್ಚು' ಎಂಬ ಶೀರ್ಷಿಕೆಯಡಿ ಸೇರಿಹೋಗುತ್ತದೆ. ಘಟಕದಿಂದ ಹೊರಹೋಗುವ ನೀರಿಗಂತೂ ಯಾವ ಖಾತೆಯೂ ಇರುವುದಿಲ್ಲ. ಆದರೆ ಬೆಂಗಳೂರಿನ ಹೊರವಲಯದ ಕೈಗಾರಿಕಾ ಪ್ರದೇಶಗಳಲ್ಲಿ ಉದ್ದಿಮೆಯ ಅಳಿವು ಉಳಿವನ್ನು ನಿರ್ಧರಿಸುವ ಸ್ಥಿತಿಗೆ ಈ ಹೊರಹೋಗುವ ನೀರೇ ಬಂದು ನಿಂತಿದೆ. ಪೀಣ್ಯದ ಉದಾಹರಣೆಯನ್ನು ಮುಂದಿಟ್ಟುಕೊಂಡು ವಿಷಯದ ತಾಂತ್ರಿಕ, ಕಾನೂನು ಮತ್ತು ತೆರಿಗೆ ಮುಖಗಳನ್ನು ಇಲ್ಲಿ ಪರಿಶೀಲಿಸಲಾಗಿದೆ.

ಹಿನ್ನೆಲೆ

ಬೆಂಗಳೂರು ಜಲಮಂಡಳಿಯು 1964ರ ಕಾಯ್ದೆಯನ್ವಯ ಸ್ಥಾಪಿತವಾಯಿತು. ಪೀಣ್ಯ ಕೈಗಾರಿಕಾ ಪ್ರದೇಶವು 1970ರ ದಶಕದಲ್ಲಿ ರೂಪುಗೊಂಡಿತು. 2007ರಲ್ಲಿ 7 ನಗರಸಭೆಗಳು, ಒಂದು ಪುರಸಭೆ ಹಾಗೂ 110 ಹಳ್ಳಿಗಳು ಸೇರಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾದಾಗ ನಗರದ ಗಡಿ ಒಮ್ಮೆಲೇ ಹಿಗ್ಗಿತು. ಕೊಳವೆಗಳು ಅಷ್ಟೇ ವೇಗದಲ್ಲಿ ಹಿಗ್ಗಲಿಲ್ಲ. ಪಾಲಿಕೆಯ ಸ್ಥಾನದಲ್ಲಿ 2025ರ ಸೆಪ್ಟೆಂಬರ್‌ನಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂದಿದ್ದರೂ ನೆಲದಡಿಯ ಸಮಸ್ಯೆ ಹಾಗೆಯೇ ಮುಂದುವರಿದಿದೆ.

110 ಹಳ್ಳಿಗಳಿಗಾಗಿ ರೂಪಿಸಲಾದ ಕಾವೇರಿ 5ನೇ ಹಂತವು 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಗೊಂಡಿತು. ಅದರ ಸಾಮರ್ಥ್ಯ ದಿನಕ್ಕೆ 77.5 ಕೋಟಿ ಲೀಟರ್. ಬಳಸಿದ ನೀರಿನ ಶೇಕಡ 80ರಷ್ಟು ಕೊಳಚೆಯಾಗಿ ಹೊರಬರುತ್ತದೆಂಬುದು ಎಂಜಿನಿಯರುಗಳು ಅನುಸರಿಸುವ ಲೆಕ್ಕ. ಅದರಂತೆ ಈ ಯೋಜನೆಯ ಪೂರ್ಣ ಬಳಕೆಯಾದಾಗ ದಿನಕ್ಕೆ ಸುಮಾರು 62 ಕೋಟಿ ಲೀಟರ್ ಕೊಳಚೆ ಹೆಚ್ಚಾಗುತ್ತದೆ. ನೀರು ಬಂದುದಕ್ಕೆ ಸಂತೋಷಪಡುವವರು ಅದು ಹೋಗುವ ದಾರಿಯನ್ನೂ ಕೇಳಬೇಕಾಗಿದೆ.

ಎರಡು ಬಗೆಯ ನೀರು

ಕಾರ್ಖಾನೆಯಿಂದ ಎರಡು ಬಗೆಯ ತ್ಯಾಜ್ಯ ನೀರು ಹೊರಡುತ್ತದೆ. ಶೌಚಾಲಯ ಮತ್ತು ಕ್ಯಾಂಟೀನಿನಿಂದ ಬರುವುದು ಮೊದಲನೆಯದು. ಲೇಪನ, ತೊಳೆಯುವಿಕೆ, ತಂಪುಗೊಳಿಸುವಿಕೆ ಮೊದಲಾದ ಪ್ರಕ್ರಿಯೆಗಳಿಂದ ಬರುವುದು ಎರಡನೆಯದು. ಮೊದಲನೆಯದನ್ನು ಸೂಕ್ಷ್ಮಾಣು ಜೀವಿಗಳ ಸಹಾಯದಿಂದ ಶುದ್ಧೀಕರಿಸಬಹುದು. ಎರಡನೆಯದರಲ್ಲಿರುವ ಲೋಹಾಂಶವು ಆ ಜೀವಿಗಳಿಗೇ ವಿಷ. ಇವೆರಡೂ ಒಂದೇ ಕೊಳವೆಯಲ್ಲಿ ಬೆರೆತರೆ ಶುದ್ಧೀಕರಣ ಘಟಕದ ಕಾರ್ಯಕ್ಷಮತೆ ಕುಸಿಯುತ್ತದೆ, ಕೆಸರು ಗೊಬ್ಬರಕ್ಕೆ ಅಯೋಗ್ಯವಾಗುತ್ತದೆ, ಮರುಬಳಕೆಯ ನೀರಿಗೆ ಗಿರಾಕಿ ಇಲ್ಲವಾಗುತ್ತಾನೆ.

ಪೀಣ್ಯದಲ್ಲಿ ವಿದ್ಯುಲ್ಲೇಪನ ಘಟಕಗಳು ಹೆಚ್ಚು. ಅಲ್ಲಿನ ಅಂತರ್ಜಲದಲ್ಲಿ ಕ್ರೋಮಿಯಂ ಅಂಶ ಸೇರಿರುವುದು ಬಹುಕಾಲದಿಂದ ದಾಖಲಾಗಿದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2009ರ ಮಾಲಿನ್ಯ ಸೂಚ್ಯಂಕದಲ್ಲಿ ಪೀಣ್ಯವು ತೀವ್ರ ಮಾಲಿನ್ಯದ ಪ್ರದೇಶಗಳ ಸಾಲಿಗೆ ಸೇರಿತ್ತು. ಕುಡಿಯುವ ನೀರಿನಲ್ಲಿ ಒಟ್ಟು ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ಮೀರಬಾರದೆಂಬುದು ಭಾರತೀಯ ಮಾನಕ. ಪರಿಸರ ಸಂರಕ್ಷಣಾ ನಿಯಮಗಳ ಸಾಮಾನ್ಯ ಮಾನದಂಡದಂತೆ ಷಡ್ವೇಲೆನ್ಸಿಯ ಕ್ರೋಮಿಯಂ ಹೊಳೆ, ಕೆರೆಗೆ ಬಿಡುವ ನೀರಿನಲ್ಲಿ 0.1 ಮಿಲಿಗ್ರಾಂ, ಸಾರ್ವಜನಿಕ ಒಳಚರಂಡಿಗೆ ಬಿಡುವ ನೀರಿನಲ್ಲಿ 2 ಮಿಲಿಗ್ರಾಂ ಮೀರುವಂತಿಲ್ಲ. ಒಳಚರಂಡಿಗೆ ಇಪ್ಪತ್ತು ಪಟ್ಟು ಸಡಿಲಿಕೆ ದೊರೆತಿರುವುದು ಕೊಳವೆಯ ತುದಿಯಲ್ಲಿ ಶುದ್ಧೀಕರಣ ಘಟಕವಿದೆ ಎಂಬ ನಂಬಿಕೆಯ ಮೇಲೆ. ಕೊಳವೆಯೇ ಇಲ್ಲದೆ ಮಳೆನೀರಿನ ಚರಂಡಿಗೆ ಬಿಡುವವರಿಗೆ ಈ ಸಡಿಲಿಕೆ ಅನ್ವಯಿಸುವುದಿಲ್ಲ.

ಒಂದು ಘಟಕವು ರಾತ್ರಿ ವೇಳೆ ನೆಲಕ್ಕೆ ಬಿಟ್ಟ ನೀರು ನೆರೆಯ ಹತ್ತು ಘಟಕಗಳ ಕೊಳವೆಬಾವಿಗೆ ಇಳಿಯುತ್ತದೆ. ಆ ಬಾವಿಗಳನ್ನು ನಂಬಿದ ಕಾರ್ಮಿಕ ಕುಟುಂಬಗಳೂ ಸುತ್ತಲಿನ ಬಡಾವಣೆಗಳಲ್ಲಿವೆ. ಹೀಗೆ ಒಬ್ಬನ ಉಳಿತಾಯವು ಹಲವರ ನಷ್ಟವಾಗುತ್ತದೆ.

ಹೆಚ್ಚುವರಿ ನೀರಿನ ಲೆಕ್ಕ

ಉದಾಹರಣೆಗೆ, 100 ಕಾರ್ಮಿಕರಿರುವ ಒಂದು ಘಟಕವನ್ನು ಕಲ್ಪಿಸಿಕೊಳ್ಳಬಹುದು. ತಲಾ 45 ಲೀಟರಿನಂತೆ ದಿನಕ್ಕೆ 4,500 ಲೀಟರ್ ಬಳಕೆ. ಅದರ ಶೇಕಡ 80 ಅಂದರೆ 3,600 ಲೀಟರ್ ಕೊಳಚೆ. ಶುದ್ಧೀಕರಿಸಿದ ನಂತರ ಶೌಚಾಲಯಕ್ಕೆ ತಲಾ 15 ಲೀಟರಿನಂತೆ 1,500 ಲೀಟರ್ ಮರುಬಳಕೆಯಾದರೆ ಉಳಿಯುವುದು 2,100 ಲೀಟರ್. ಗಿಡಗಳಿಗೆ ಜಾಗವಿಲ್ಲದ ಸಣ್ಣ ನಿವೇಶನದಲ್ಲಿ ಈ ಉಳಿಕೆ ನೀರೇ ನಿಜವಾದ ತಲೆನೋವು. ವೈಟ್‌ಫೀಲ್ಡ್ ಭಾಗದ ವಸತಿ ಸಮುಚ್ಚಯಗಳು ಎದುರಿಸುತ್ತಿರುವುದೂ ಇದೇ ಬಗೆಯ ಸಮಸ್ಯೆ. ಶುದ್ಧೀಕರಿಸಿದ ನೀರಿನಲ್ಲಿ ಶೇಕಡ 50ರವರೆಗೆ ಮಾರಲು ಸಮುಚ್ಚಯಗಳಿಗೆ ರಾಜ್ಯ ಸರಕಾರ 2024ರಲ್ಲಿ ಅನುಮತಿ ನೀಡಿತು.

ಅದೇ ವರ್ಷದ ಮಾರ್ಚ್‌ನಲ್ಲಿ, ನೀರಿನ ಕೊರತೆ ತೀವ್ರಗೊಂಡಾಗ, ವಾಹನ ತೊಳೆಯಲು, ಕಟ್ಟಡ ಕಟ್ಟಲು, ಕೈತೋಟಕ್ಕೆ ಕುಡಿಯುವ ನೀರು ಬಳಸುವುದನ್ನು ಜಲಮಂಡಳಿ ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಪಡಿಸಿತು. ಒಂದು ಕಡೆ ಹೆಚ್ಚುವರಿ ನೀರು, ಮತ್ತೊಂದು ಕಡೆ ಅದಕ್ಕಾಗಿ ಬೇಡಿಕೆ: ಇವೆರಡನ್ನು ಜೋಡಿಸುವ ಮಾರುಕಟ್ಟೆಗೆ ಅವಕಾಶ ತೆರೆದಿದೆ ಎಂದಾಯಿತು. ಯಲಹಂಕದ ತೃತೀಯ ಹಂತದ ಶುದ್ಧೀಕರಣ ಘಟಕದಿಂದ ವಿಮಾನ ನಿಲ್ದಾಣ ಹಾಗೂ ರೈಲ್ವೆಯ ಗಾಲಿ ಮತ್ತು ಅಚ್ಚು ಕಾರ್ಖಾನೆಗೆ ನೀರು ಮಾರಾಟವಾಗಿರುವುದು ಇದಕ್ಕೆ ಹಳೆಯ ಮಾದರಿ.

ಆದರೆ ಈ ಮಾರುಕಟ್ಟೆ ನಿಂತಿರುವುದು ಗುಣಮಟ್ಟದ ನಂಬಿಕೆಯ ಮೇಲೆ. ಕೋರಮಂಗಲ-ಚಲ್ಲಘಟ್ಟ ಕಣಿವೆಯ ನೀರು 2018ರ ಜೂನ್‌ನಲ್ಲಿ ಕೋಲಾರದ ಲಕ್ಷ್ಮೀಸಾಗರ ಕೆರೆ ತಲುಪಿತು; ಜುಲೈನಲ್ಲಿ ನೊರೆ ಕಾಣಿಸಿಕೊಂಡು ಯೋಜನೆಗೆ ಉಚ್ಚ ನ್ಯಾಯಾಲಯದ ತಡೆಯಾಜ್ಞೆ ಬಂದಿತು. ಯೋಜನೆ ನಂತರ ಮುಂದುವರಿಯಿತಾದರೂ, ಒಂದು ವಾರದ ನೊರೆಯು ವರ್ಷಗಳ ಸಂಶಯಕ್ಕೆ ಕಾರಣವಾಗಬಲ್ಲದೆಂಬ ಪಾಠ ಉಳಿಯಿತು. ಬೆಳ್ಳಂದೂರು ಕೆರೆಯ ಪ್ರಕರಣದಲ್ಲಿ 2018ರ ಡಿಸೆಂಬರ್‌ನಲ್ಲಿ ಹಸಿರು ನ್ಯಾಯಮಂಡಳಿಯು ರಾಜ್ಯ ಸರಕಾರಕ್ಕೆ 50 ಕೋಟಿ, ಪಾಲಿಕೆಗೆ 25 ಕೋಟಿ ರೂಪಾಯಿ ಪರಿಹಾರ ವಿಧಿಸಿದುದನ್ನೂ ನೆನೆಯಬಹುದು.

ತೆರಿಗೆಯ ಅಂಶಗಳು

1. ಜಲ ಮಾಲಿನ್ಯ ಕರ: 1977ರ ಕಾಯ್ದೆಯಡಿ ನೀರಿನ ಬಳಕೆಯ ಮೇಲೆ ಕರವಿತ್ತು, ಶುದ್ಧೀಕರಣ ಘಟಕ ಸ್ಥಾಪಿಸಿದವರಿಗೆ ಶೇಕಡ 25 ರಿಯಾಯಿತಿಯೂ ಇತ್ತು. ಜಿಎಸ್‌ಟಿ ಜಾರಿಯಾದ 2017ರ ಜುಲೈ 1ರಿಂದ ಈ ಕರ ರದ್ದಾಯಿತು. ಅದರೊಂದಿಗೆ ರಿಯಾಯಿತಿಯೂ ಹೋಯಿತು.

2. ಶುದ್ಧೀಕರಿಸಿದ ನೀರಿನ ಮಾರಾಟ: ಶುದ್ಧೀಕರಿಸಿದ ಕೊಳಚೆ ನೀರಿಗೆ ಜಿಎಸ್‌ಟಿ ವಿನಾಯಿತಿ ಇದೆಯೆಂದು 2022ರ ಆಗಸ್ಟ್ 3ರ ಸುತ್ತೋಲೆ 179 ಸ್ಪಷ್ಟಪಡಿಸಿದೆ. ಖನಿಜಾಂಶ ತೆಗೆದ ನೀರು, ಬಟ್ಟಿ ಇಳಿಸಿದ ನೀರು ಮತ್ತು ಮೊಹರು ಮಾಡಿದ ಪಾತ್ರೆಯ ನೀರಿಗೆ ಈ ವಿನಾಯಿತಿ ಇಲ್ಲ.

3. ಹೂಡುವಳಿ ತೆರಿಗೆ ಜಮೆ: ವಿನಾಯಿತಿ ಪಡೆದ ಮಾರಾಟವಿದ್ದಾಗ ಸಾಮಾನ್ಯ ಜಮೆಯನ್ನು 42ನೇ ನಿಯಮದಂತೆ ಪ್ರಮಾಣಾನುಸಾರ ಹಿಂದಿರುಗಿಸಬೇಕು. ಒಟ್ಟು ವಹಿವಾಟು 2 ಕೋಟಿ ರೂಪಾಯಿ, ಅದರಲ್ಲಿ ನೀರಿನ ಮಾರಾಟ 50,000 ರೂಪಾಯಿ ಇದ್ದರೆ ಪ್ರಮಾಣ ಶೇಕಡ 0.25. ಸಾಮಾನ್ಯ ಜಮೆ 4 ಲಕ್ಷವಿದ್ದರೆ ಹಿಂದಿರುಗಿಸಬೇಕಾದುದು 1,000 ರೂಪಾಯಿ ಮಾತ್ರ. ಮೊತ್ತ ಚಿಕ್ಕದು, ಮರೆತರೆ ಬಡ್ಡಿ ಮತ್ತು ನೋಟೀಸು ತಪ್ಪಿದ್ದಲ್ಲ.

4. ಸವಕಳಿ: ನಿರ್ದಿಷ್ಟ ಜಲ ಮಾಲಿನ್ಯ ನಿಯಂತ್ರಣ ಯಂತ್ರಗಳಿಗೆ ಒಂದು ಕಾಲದಲ್ಲಿ ಶೇಕಡ 100 ಸವಕಳಿ ದೊರೆಯುತ್ತಿತ್ತು. 2017ರ ಏಪ್ರಿಲ್‌ನಿಂದ ಗರಿಷ್ಠ ದರ ಶೇಕಡ 40ಕ್ಕೆ ಇಳಿಯಿತು. ಹಾಗಿದ್ದರೂ 10 ಲಕ್ಷದ ಯಂತ್ರಕ್ಕೆ ಮೊದಲ ವರ್ಷ ಶೇಕಡ 15ರ ಸಾಮಾನ್ಯ ದರದಂತೆ ಒಂದೂವರೆ ಲಕ್ಷವಾದರೆ, ಶೇಕಡ 40ರಂತೆ 4 ಲಕ್ಷವಾಗುತ್ತದೆ. ಬಿಲ್ಲಿನಲ್ಲಿ ಯಂತ್ರದ ವಿವರಣೆ ಸ್ಪಷ್ಟವಾಗಿಲ್ಲದಿದ್ದಲ್ಲಿ ಈ ಪ್ರಯೋಜನ ಕೈತಪ್ಪಬಹುದು.

5. ದಂಡ: ಕಾನೂನು ಉಲ್ಲಂಘನೆಗಾಗಿ ತೆತ್ತ ದಂಡವನ್ನು ವ್ಯಾಪಾರದ ವೆಚ್ಚವೆಂದು ಆದಾಯದಿಂದ ಕಳೆಯುವಂತಿಲ್ಲ.

ಮಾಲೀಕನ ಹೊಣೆ

1974ರ ಜಲ ಮಾಲಿನ್ಯ ಕಾಯ್ದೆಯ 24ನೇ ಕಲಮು ಹೊಳೆ, ಬಾವಿ, ಒಳಚರಂಡಿ ಅಥವಾ ನೆಲಕ್ಕೆ ವಿಷವಸ್ತು ಬಿಡುವುದನ್ನು ನಿಷೇಧಿಸುತ್ತದೆ. 33ಎ ಕಲಮಿನ ಪ್ರಕಾರ ಘಟಕವನ್ನು ಮುಚ್ಚಿಸುವ, ವಿದ್ಯುತ್ ಕಡಿತಗೊಳಿಸುವ ಅಧಿಕಾರ ಮಾಲಿನ್ಯ ನಿಯಂತ್ರಣ ಮಂಡಳಿಗಿದೆ.

ಇದಕ್ಕಿಂತ ಗಂಭೀರವಾದುದು ಮನುಷ್ಯನ ಜೀವದ ಪ್ರಶ್ನೆ. ಒಳಚರಂಡಿ ಇಲ್ಲದ ಕಡೆ ಶೌಚಗುಂಡಿ ತುಂಬುತ್ತದೆ; ತುಂಬಿದಾಗ ಯಾರನ್ನೋ ಕರೆದು ಇಳಿಸುವ ಪರಿಪಾಠವಿದೆ. ಗುಂಡಿಯೊಳಗಿನ ವಿಷಾನಿಲಕ್ಕೆ ಕೆಲವೇ ನಿಮಿಷ ಸಾಕು. 2013ರ ಕಾಯ್ದೆಯ 7ನೇ ಕಲಮು ಸುರಕ್ಷತಾ ವ್ಯವಸ್ಥೆಯಿಲ್ಲದೆ ಗುಂಡಿ ಅಥವಾ ಒಳಚರಂಡಿಗೆ ಮನುಷ್ಯರನ್ನು ಇಳಿಸುವುದನ್ನು ನಿಷೇಧಿಸಿದೆ. ಮೊದಲ ಅಪರಾಧಕ್ಕೆ 2 ವರ್ಷದವರೆಗೆ ಸೆರೆವಾಸ ಅಥವಾ 2 ಲಕ್ಷದವರೆಗೆ ದಂಡ ಅಥವಾ ಎರಡೂ ಉಂಟು. ಗುತ್ತಿಗೆದಾರನ ಮೂಲಕ ಕೆಲಸ ಮಾಡಿಸಿದರೂ ಮಾಲೀಕನು ಹೊಣೆಯಿಂದ ಪಾರಾಗುವುದಿಲ್ಲ. ಇಂತಹ ಸಾವುಗಳಿಗೆ 2014ರಲ್ಲಿ ಸರ್ವೋಚ್ಚ ನ್ಯಾಯಾಲಯ ಗೊತ್ತುಪಡಿಸಿದ 10 ಲಕ್ಷ ಪರಿಹಾರವು 2023ರ ಅಕ್ಟೋಬರ್ ತೀರ್ಪಿನಲ್ಲಿ 30 ಲಕ್ಷಕ್ಕೆ ಏರಿತು. ಯಂತ್ರದಿಂದ ಗುಂಡಿ ಖಾಲಿ ಮಾಡಿಸುವ ವೆಚ್ಚವನ್ನು ಉಳಿಸಲು ಹೋಗಿ ಒಂದು ಕುಟುಂಬದ ಆಧಾರವನ್ನೇ ಕಳೆಯುವುದು ಯಾವ ಲೆಕ್ಕಕ್ಕೂ ಹೊಂದುವುದಿಲ್ಲ.

ಘಟಕಗಳು ಕೈಗೊಳ್ಳಬಹುದಾದ ಕ್ರಮಗಳು

ಅ) ಒಳಬರುವ ಮತ್ತು ಹೊರಹೋಗುವ ನೀರಿಗೆ ಮಾಪಕ ಅಳವಡಿಸಿ, 'ನೀರು ಮತ್ತು ತ್ಯಾಜ್ಯ' ಎಂಬ ಪ್ರತ್ಯೇಕ ಖಾತೆ ತೆರೆಯುವುದು.

ಆ) ಶೌಚಾಲಯದ ನೀರು ಮತ್ತು ಪ್ರಕ್ರಿಯೆಯ ನೀರಿಗೆ ಬೇರೆ ಬೇರೆ ಕೊಳವೆ ಹಾಕಿಸುವುದು, ಇದಿಲ್ಲದೆ ಉಳಿದ ಯಾವ ಕ್ರಮವೂ ಫಲಿಸುವುದಿಲ್ಲ.

ಇ) ಒಂಟಿಯಾಗಿ ಶುದ್ಧೀಕರಿಸಲಾಗದ ಘಟಕಗಳು ಒಂದೇ ಬೀದಿಯ ಹತ್ತಾರು ಘಟಕಗಳೊಡನೆ ಕೂಡಿ ಸಾಮೂಹಿಕ ವ್ಯವಸ್ಥೆ ಮಾಡಿಕೊಳ್ಳುವುದು, ವೆಚ್ಚವನ್ನು ತಲೆಯೆಣಿಕೆಯಂತಲ್ಲದೆ ನೀರಿನ ಪ್ರಮಾಣ ಮತ್ತು ಮಾಲಿನ್ಯದ ಹೊರೆಗನುಗುಣವಾಗಿ ಹಂಚುವುದು.

ಈ) ಶೌಚಗುಂಡಿಯನ್ನು ಯಂತ್ರದಿಂದ ಮಾತ್ರ ಖಾಲಿ ಮಾಡಿಸಿ, ವಾಹನದ ಸಂಖ್ಯೆ ಮತ್ತು ವಿಲೇವಾರಿಯ ಸ್ಥಳವನ್ನು ನಮೂದಿಸಿದ ರಸೀದಿ ಪಡೆಯುವುದು.

ಉ) ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪತ್ರದ ಅವಧಿ ಮುಗಿಯುವ ದಿನಾಂಕವನ್ನು ತೆರಿಗೆ ದಿನಾಂಕಗಳ ಪಟ್ಟಿಯಲ್ಲಿಯೇ ಬರೆದಿಡುವುದು.

ಒಳಚರಂಡಿ ಮಾರ್ಗ ಕಲ್ಪಿಸುವುದು ಜಲಮಂಡಳಿ ಮತ್ತು ಸರಕಾರದ ಕರ್ತವ್ಯ. ಅದನ್ನು ಸಂಘಟಿತವಾಗಿ ಕೇಳುವ ಹಕ್ಕು ಉದ್ಯಮಿಗಳಿಗಿದೆ. ತಮ್ಮ ಘಟಕದ ಗೋಡೆಯೊಳಗಿನ ಲೆಕ್ಕವನ್ನು ಸರಿಯಾಗಿಟ್ಟುಕೊಂಡು, ಎಷ್ಟು ಲೀಟರ್, ಯಾವ ಗುಣಮಟ್ಟ ಎಂಬ ಅಂಕಿ ಅಂಶದೊಂದಿಗೆ ಬೇಡಿಕೆ ಮಂಡಿಸಿದವರ ಮಾತಿಗೆ ಹೆಚ್ಚಿನ ತೂಕವಿರುತ್ತದೆ. ಆ ಲೆಕ್ಕ ಬರೆಯಲು ಬೇಕಾದುದು ಒಂದು ಮಾಪಕ ಮತ್ತು ಒಂದು ಖಾತೆ ಮಾತ್ರ. ಅದನ್ನು ಈ ಆರ್ಥಿಕ ವರ್ಷದಿಂದಲೇ ಆರಂಭಿಸುವುದು ಉಚಿತ.