ಆಟದಿಂದ ಕೈನೋವೇ? ಮೊದಲು ಹಿಡಿತ ಬದಲಿಸಿ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಕೈನೋವೆಂದರೆ ಬೀಡಿ ಕಟ್ಟುವ, ಅಡಿಕೆ ಸುಲಿಯುವ ಕೈಗಳ ನೋವು ಎಂದೇ ಲೆಕ್ಕ. ಈಗ ಮೆಲ್ಕಾರ್‌ನಂಥ ಸಣ್ಣ ಪೇಟೆಯ ಚಿಕಿತ್ಸಾಲಯಕ್ಕೂ ಮೊಬೈಲ್, ಕಂಪ್ಯೂಟರ್ ಆಟದಿಂದ ಕೈ ನೋಯಿಸಿಕೊಂಡ ಹುಡುಗ ಹುಡುಗಿಯರು ಬರುತ್ತಾರೆ. ಬರುವುದೂ ತಡವಾಗಿ. ಹೇಳಿದರೆ ಮೊಬೈಲ್ ಕಿತ್ತುಕೊಳ್ಳುತ್ತಾರೆಂದು ಮಕ್ಕಳು ನೋವನ್ನು ಮುಚ್ಚಿಡುತ್ತಾರೆ. ಅಷ್ಟರಲ್ಲಿ ಬರೆಯುವುದಕ್ಕೂ ಕಷ್ಟವಾಗಿರುತ್ತದೆ.

ನೋವೇಕೆ?

ಹೆಬ್ಬೆರಳನ್ನು ಎತ್ತುವ, ಅಗಲಿಸುವ ಎರಡು ಸ್ನಾಯುರಜ್ಜುಗಳು ಮಣಿಕಟ್ಟಿನ ಬದಿಯಲ್ಲಿ ಇಕ್ಕಟ್ಟಾದ ಕೊಳವೆಯೊಂದರ ಮೂಲಕ ಹಾದುಹೋಗುತ್ತವೆ. ಗಂಟೆಗಟ್ಟಲೆ ಹೆಬ್ಬೆರಳು ಓಡಾಡಿದರೆ ಈ ಕೊಳವೆ ದಪ್ಪಗಾಗಿ ರಜ್ಜು ಸರಾಗವಾಗಿ ಜಾರುವುದಿಲ್ಲ. 1895ರಲ್ಲಿ ಇದನ್ನು ವಿವರಿಸಿದ ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯ ಡಿ ಕೆರ್ವೇನ್ ಅವರ ಹೆಸರೇ ಈ ಕಾಯಿಲೆಗಿದೆ. ಆಟದ ನಂಟೂ ಹೊಸತಲ್ಲ. ಐದು ಗಂಟೆ ಎಡೆಬಿಡದೆ ನಿಂಟೆಂಡೊ ಆಡಿ ಹೆಬ್ಬೆರಳು ನೋಯಿಸಿಕೊಂಡ 35 ವರ್ಷದ ಮಹಿಳೆಯೊಬ್ಬರ ವಿಷಯ 1990ರಲ್ಲೇ ಅಮೆರಿಕದ ವೈದ್ಯಕೀಯ ಪತ್ರಿಕೆಯಲ್ಲಿ 'ನಿಂಟೆಂಡಿನೈಟಿಸ್' ಎಂಬ ಹೆಸರಿನಲ್ಲಿ ಪ್ರಕಟವಾಗಿತ್ತು.

ಹೆಬ್ಬೆರಳನ್ನು ಮುಷ್ಟಿಯೊಳಗಿಟ್ಟು ಮಣಿಕಟ್ಟನ್ನು ಕಿರುಬೆರಳಿನತ್ತ ಮೆಲ್ಲನೆ ಬಾಗಿಸಿ ನೋಡಿ. ಹೆಬ್ಬೆರಳಿನ ಬುಡದಲ್ಲಿ ಚುರುಕ್ಕೆಂದು ನೋವಾದರೆ ಈ ತೊಂದರೆ ಇರಬಹುದು. ನೋವಿಗಿಂತ ಜೋಮು ಹೆಚ್ಚಿದ್ದರೆ, ಅದೂ ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಲ್ಲಿ ರಾತ್ರಿ ಹೊತ್ತು ಕಾಣಿಸಿಕೊಂಡರೆ, ಮಣಿಕಟ್ಟಿನಲ್ಲಿ ನರ ಒತ್ತಿಹೋಗಿರುವ ಸಂಭವವಿದೆ.

ಯಾವ ಸಾಧನ ಹಿತ?

ಮೊಬೈಲಿನಲ್ಲಿ ಭಾರ ಹೊರುವುದೂ ಬೆರಳೇ, ಆಡುವುದೂ ಬೆರಳೇ. ಮೊದಲು ಭಾರ ಇಳಿಸಿ. ಮೊಬೈಲನ್ನು ಮೇಜಿನ ಮೇಲೆ ಸ್ಟ್ಯಾಂಡಿಗೆ ಒರಗಿಸಿ, ಬೇರೆ ಕಂಟ್ರೋಲರ್ ಜೋಡಿಸಿ ಆಡಬಹುದು. ಅದಿಲ್ಲದಿದ್ದರೆ ತೊಡೆಯ ಮೇಲೊಂದು ದಿಂಬಿಟ್ಟು ಕೈಗಳಿಗೆ ಆಸರೆ ಕೊಡಿ.

ಕಂಟ್ರೋಲರ್ ಕೊಳ್ಳುವಾಗ ಬೆಲೆಗಿಂತ ಅಳತೆ ಮುಖ್ಯ. ಬೆರಳು ಚಾಚದೆ ಎಲ್ಲ ಗುಂಡಿಗಳೂ ಸಿಗಬೇಕು, ಭಾರ ಅಂಗೈಯಲ್ಲಿ ಕೂರಬೇಕು. ಹಲವು ಆಟಗಳಲ್ಲಿ ಗುಂಡಿಗಳ ಕೆಲಸ ಅದಲುಬದಲು ಮಾಡುವ ಅವಕಾಶವಿದೆ. ಹೆಚ್ಚು ಒತ್ತುವ ಗುಂಡಿಯನ್ನು ನೋಯದ ಬೆರಳಿಗೆ ವಹಿಸಿ.

ಲ್ಯಾಪ್‌ಟಾಪಿನ ಪುಟ್ಟ ಮೌಸ್ ಹಿಡಿಯಲು ಬೆರಳು ಮುದುಡಬೇಕಾಗುತ್ತದೆ. ಅಂಗೈ ತುಂಬುವ ಮೌಸ್ ಮೇಲು. ಕೈಕುಲುಕುವ ಭಂಗಿಯಲ್ಲಿ ಹಿಡಿಯುವ ನೇರ ಮೌಸ್ ಮುಂಗೈ ತಿರುಚುವುದನ್ನು ತಗ್ಗಿಸುತ್ತದೆ. ಚೆಂಡು ಉರುಳಿಸುವ ಟ್ರ್ಯಾಕ್‌ಬಾಲ್‌ನಲ್ಲಿ ಮಣಿಕಟ್ಟಿಗೆ ಬಿಡುವು, ಆದರೆ ಹೆಬ್ಬೆರಳು ನೋಯುವವರು ಉಳಿದ ಬೆರಳುಗಳಿಂದ ಉರುಳಿಸುವ ಬಗೆಯನ್ನೇ ಆರಿಸಬೇಕು. ಕೀಬೋರ್ಡಿನ ಹಿಂಗಾಲುಗಳನ್ನು ಮಡಚಿಬಿಡಿ, ಮಣಿಕಟ್ಟು ಮೇಲಕ್ಕೆ ಬಾಗದು.

ಕೈಯ ಶಕ್ತಿ ಶಾಶ್ವತವಾಗಿ ಕುಂದಿದವರಿಗೂ ದಾರಿಯಿದೆ. 2018ರಲ್ಲಿ ಮೈಕ್ರೋಸಾಫ್ಟ್ ಹೊರತಂದ ಎಕ್ಸ್‌ಬಾಕ್ಸ್ ಅಡಾಪ್ಟಿವ್ ಕಂಟ್ರೋಲರಿಗೆ ದೊಡ್ಡ ಗುಂಡಿಗಳಿವೆ, ಕಾಲಿನಿಂದ ಒತ್ತುವ ಸ್ವಿಚ್‌ಗಳನ್ನೂ ಜೋಡಿಸಬಹುದು.

ಒಬ್ಬರಿಗೆ ಹಿತವಾದದ್ದು ಇನ್ನೊಬ್ಬರಿಗೆ ಒಗ್ಗಲಾರದು. ಸ್ನೇಹಿತರದೋ ಅಂಗಡಿಯದೋ ಸಾಧನವನ್ನು ಹದಿನೈದು ನಿಮಿಷ ಹಿಡಿದು ನೋಡಿಯೇ ಕೊಳ್ಳಿ. ಯಾವ ಸಾಧನವೂ ವಿಶ್ರಾಂತಿಗೆ ಬದಲಿಯಲ್ಲ. ಅರ್ಧ ಗಂಟೆಗೊಮ್ಮೆ ಎದ್ದು ಕೈ ಸಡಿಲಿಸಿ.

ವೈದ್ಯರಲ್ಲಿಗೆ ಯಾವಾಗ?

ನೋವು ಶುರುವಾದಾಗ ಕೆಲವು ದಿನ ಆಟ ನಿಲ್ಲಿಸಿ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹತ್ತು ನಿಮಿಷ ಇಡಿ. ಹೆಬ್ಬೆರಳಿಗೆ ಆಸರೆಪಟ್ಟಿ ಕಟ್ಟಬಹುದು. ಬಲವಾಗಿ ತಿಕ್ಕಿಸಬೇಡಿ. ನೋವಿನ ಮಾತ್ರೆ ನುಂಗಿ ಆಟ ಮುಂದುವರಿಸುವುದಂತೂ ಬೇಡವೇ ಬೇಡ. ಪದೇ ಪದೇ ನುಂಗಿದರೆ ಹೊಟ್ಟೆ, ಮೂತ್ರಪಿಂಡಗಳಿಗೆ ಹಾನಿ.

ಎರಡು ವಾರವಾದರೂ ತಗ್ಗದಿದ್ದರೆ, ಜೋಮಿನಿಂದ ನಿದ್ದೆಗೆಟ್ಟರೆ, ಕೈಯಿಂದ ವಸ್ತು ಜಾರಿಬಿದ್ದರೆ, ಹೆಬ್ಬೆರಳ ಬುಡದ ಮಾಂಸ ಇಳಿದಂತೆ ಕಂಡರೆ ತಡಮಾಡಬೇಡಿ. ಬಹುಕಾಲ ಒತ್ತಿಹೋದ ನರ ಮತ್ತೆ ಪೂರ್ತಿ ಚೇತರಿಸಿಕೊಳ್ಳದೆ ಹೋಗಬಹುದು. ಬೆಳಿಗ್ಗೆ ಹಲವು ಗಂಟುಗಳು ಅರ್ಧ ಗಂಟೆಗೂ ಮೀರಿ ಬಿಗಿದಿದ್ದರೆ ಸಂಧಿವಾತದ ತಪಾಸಣೆ ಅಗತ್ಯ.

ತಂದೆತಾಯಂದಿರಿಗೊಂದು ಮಾತು. ಮಗು 'ಕೈ ನೋಯುತ್ತದೆ' ಎಂದಾಗ ಮೊದಲು ಕೈ ನೋಡಿ, ಬೈಗುಳ ಆಮೇಲಿರಲಿ. ಹಾಗೆಯೇ ಮನೆಯಲ್ಲಿ ಬೀಡಿ ಕಟ್ಟುವ ಅಮ್ಮನ ಕೈಯನ್ನೂ ವಿಚಾರಿಸಿ. ನರಕ್ಕೆ, ರಜ್ಜುವಿಗೆ ಆಟವೂ ಒಂದೇ, ದುಡಿಮೆಯೂ ಒಂದೇ.